ಹೊಸ ಫೋರ್ ಬೈ ಫೋರ್‌ನ ಮುಂದಿನ ಆಕ್ಸಲ್‌ನಲ್ಲಿ ಆಯಿಲ್ ಲೀಕ್: ಮೂಲ ಹುಡುಕುವುದು ಹೇಗೆ?

ಹೊಸ ಫೋರ್ ಬೈ ಫೋರ್ ಮನೆಗೆ ಬಂದು ತಿಂಗಳು ತುಂಬುವ ಮೊದಲೇ ಪೋರ್ಟಿಕೋ ನೆಲದಲ್ಲಿ, ಮುಂದಿನ ಚಕ್ರಗಳ ನಡುವೆ ಎಣ್ಣೆಯ ಕಲೆ ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆ ಗಾಬರಿಯಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಅಡಿಭಾಗಕ್ಕೆ ಪ್ರೆಷರ್ ವಾಶ್ ಮಾಡಿಸುತ್ತಾರೆ, ಇಲ್ಲವೇ ಪಕ್ಕದ ಗ್ಯಾರೇಜಿಗೆ ಒಯ್ದು ಸಿಕ್ಕ ಬೋಲ್ಟನ್ನೆಲ್ಲ ಬಿಗಿ ಮಾಡಿಸುತ್ತಾರೆ. ಎರಡೂ ಬೇಡ. ವಾಶ್ ಮಾಡಿಸಿದರೆ ಸೋರಿಕೆಯ ಗುರುತೇ ಅಳಿಸಿಹೋಗುತ್ತದೆ. ಹೊರಗಿನವರು ಸ್ಪ್ಯಾನರ್ ಹಾಕಿದರೆ ನಾಳೆ ವಾರಂಟಿಗೆ ಅದೇ ನೆಪವಾಗಬಹುದು.

ಆಕ್ಸಲ್ ಸೋರಿಕೆಯಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದೇ: ಹನಿ ಬಿದ್ದ ಜಾಗ ಬೇರೆ, ಎಣ್ಣೆ ಹೊರಬಂದ ಜಾಗ ಬೇರೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಅದು ಕೆಳಕ್ಕೆ ಹರಿದು, ತೀರಾ ತಗ್ಗಿನಲ್ಲಿರುವ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ಆದ್ದರಿಂದ ಒದ್ದೆಯಾಗಿರುವ ಭಾಗದಲ್ಲಿ ಅತಿ ಎತ್ತರದ, ಅತಿ ಮುಂದಿನ ಬಿಂದು ಯಾವುದು ಎಂದು ಹುಡುಕಬೇಕು. ಮನೆಯಲ್ಲೇ, ಏನನ್ನೂ ಬಿಚ್ಚದೆ ಈ ಹುಡುಕಾಟ ಮಾಡಬಹುದು. ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ಯುವಾಗ ಈ ಹುಡುಕಾಟದಲ್ಲಿ ಕಂಡದ್ದು ಕೈಯಲ್ಲಿದ್ದರೆ ಅಲ್ಲಿ ನಡೆಯುವ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಮೊದಲು ನಿಮ್ಮ ಗಾಡಿಯ ಆಕ್ಸಲ್ ಯಾವ ಬಗೆಯದು ತಿಳಿಯಿರಿ

ನಮ್ಮ ರಸ್ತೆಗಳಲ್ಲಿ ಕಾಣುವ ಫೋರ್ ಬೈ ಫೋರ್‌ಗಳ ಮುಂಭಾಗದ ರಚನೆ ಒಂದೇ ತೆರನಾಗಿಲ್ಲ. 2020ರಲ್ಲಿ ಬಂದ ಮಹೀಂದ್ರ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ. ಡಿಫರೆನ್ಷಿಯಲ್ ನಡುವೆ ಕೂತಿರುತ್ತದೆ, ಅದರ ಎರಡೂ ಬದಿಯಿಂದ ರಬ್ಬರ್ ಬೂಟ್ ತೊಟ್ಟ ಶಾಫ್ಟ್‌ಗಳು ಚಕ್ರಕ್ಕೆ ಹೋಗುತ್ತವೆ. 2021ರ ಫೋರ್ಸ್ ಗುರ್ಖಾದ್ದೂ ಇದೇ ಬಗೆ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯಲ್ಲಿ ಹಾಗಲ್ಲ. ಹಳೆಯ ಜಿಪ್ಸಿಯ ಹಾಗೆ ಅದರ ಮುಂಭಾಗಕ್ಕೂ ಒಂದು ಚಕ್ರದಿಂದ ಇನ್ನೊಂದಕ್ಕೆ ಇಡಿಯಾದ ರಿಜಿಡ್ ಆಕ್ಸಲ್. ಅದರ ಎರಡೂ ತುದಿಯಲ್ಲಿ ಗುಂಡನೆಯ ನಕಲ್ ಇದ್ದು, ಒಳಗೆ ಗ್ರೀಸ್ ತುಂಬಿರುತ್ತದೆ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ ಸೋರುವ ಜಾಗಗಳೇ ಬೇರೆ. ಇಂಡಿಪೆಂಡೆಂಟ್ ರಚನೆಯಲ್ಲಿ ಶಾಫ್ಟ್ ಡಿಫರೆನ್ಷಿಯಲ್‌ನಿಂದ ಹೊರಬರುವ ಕಡೆಯ ಆಯಿಲ್ ಸೀಲ್ ಮತ್ತು ಬೂಟ್‌ಗಳ ಮೇಲೆ ಕಣ್ಣಿಡಬೇಕು. ರಿಜಿಡ್ ಆಕ್ಸಲ್‌ನಲ್ಲಿ ನಕಲ್‌ನ ಸುತ್ತಲಿನ ಸೀಲ್, ಅದಕ್ಕಿಂತ ಹೆಚ್ಚಾಗಿ ಹೊರಗೆ ಕಾಣದ ಒಳಸೀಲ್ ಗಮನದಲ್ಲಿರಬೇಕು. ಎರಡರಲ್ಲೂ ಸಮಾನವಾದವು ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆಯ ಪಿನಿಯನ್ ಸೀಲ್, ಹೌಸಿಂಗ್ ಮುಚ್ಚಳದ ಪ್ಯಾಕಿಂಗ್, ಆಯಿಲ್ ತುಂಬುವ ಮತ್ತು ಇಳಿಸುವ ಪ್ಲಗ್‌ಗಳು, ಒಳಗಿನ ಗಾಳಿ ಹೊರಹೋಗಲು ಇರುವ ಬ್ರೀದರ್.

ಸೋರುತ್ತಿರುವುದು ಯಾವ ದ್ರವ?

ರಾತ್ರಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂಭಾಗದ ಅಡಿಗೆ ಅಗಲವಾದ ರಟ್ಟು ಹಾಸಿ. ಟಿ.ವಿ. ಅಥವಾ ಫ್ರಿಜ್ ಬಂದ ಪೆಟ್ಟಿಗೆಯನ್ನು ಬಿಡಿಸಿದರೆ ಸರಿಯಾದ ಅಳತೆ ಸಿಗುತ್ತದೆ. ರಟ್ಟಿನ ಮೇಲೆ ನಾಲ್ಕು ಗುರುತು ಹಾಕಿ: ಎಡ ಚಕ್ರ, ಬಲ ಚಕ್ರ, ಬಂಪರ್‌ನ ನೇರ, ಡಿಫರೆನ್ಷಿಯಲ್‌ನ ನೇರ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ಎಂದು ಫೋಟೊ ತೆಗೆದುಕೊಳ್ಳಿ. ಆಮೇಲೆ ಬಿಳಿ ಟಿಶ್ಯೂ ಕಾಗದಕ್ಕೆ ಒಂದು ಹನಿ ಒತ್ತಿ, ಬಿಸಿಲಿನಲ್ಲಿ ನೋಡಿ, ಮೂಸಿ.

ಆಕ್ಸಲ್‌ನ ಗೇರ್ ಆಯಿಲ್ ಹೊಸದಿದ್ದಾಗ ಹೊನ್ನಿನ ಬಣ್ಣದ್ದು, ಮಂದವಾಗಿರುತ್ತದೆ, ಬೆರಳಿಗೆ ಅಂಟುತ್ತದೆ. ಅದರ ನಿಜವಾದ ಗುರುತು ವಾಸನೆ. ಹಲ್ಲುಗಳ ನಡುವಿನ ಭಾರಿ ಒತ್ತಡ ತಡೆಯಲು ಅದರಲ್ಲಿ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ, ಆ ಘಾಟು ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುತ್ತದೆ, ಈ ಘಾಟು ಅದಕ್ಕಿಲ್ಲ. ಕೂಲಂಟ್ ಹಸಿರೋ ಗುಲಾಬಿಯೋ ಬಣ್ಣದ್ದು, ನೀರಿನಷ್ಟೇ ತೆಳು, ವಾಸನೆ ಸಿಹಿ. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಗಾಡಿಯಾದರೆ ಅದರ ಎಣ್ಣೆ ಸಾಮಾನ್ಯವಾಗಿ ಕೆಂಪು. ಬಣ್ಣವಿಲ್ಲದೆ, ವಾಸನೆಯಿಲ್ಲದೆ ಒಣಗಿಹೋದರೆ ಅದು ಎ.ಸಿ. ನೀರು, ಚಿಂತೆ ಬಿಡಿ.

ಬ್ರೇಕ್ ಆಯಿಲ್ ಬಗ್ಗೆ ಮಾತ್ರ ಎಚ್ಚರ. ಅದು ತೆಳು, ತಿಳಿ ಹಳದಿ, ನೀರಿನಲ್ಲಿ ಬೆರೆಯುತ್ತದೆ. ಗೇರ್ ಆಯಿಲ್ ನೀರಿನ ಮೇಲೆ ತೇಲುತ್ತದೆ. ಒಂದು ಲೋಟ ನೀರಿಗೆ ಎರಡು ಹನಿ ಬಿಟ್ಟರೆ ಗೊತ್ತಾಗುತ್ತದೆ. ಚಕ್ರದ ಒಳಬದಿಯಲ್ಲಿ ಒದ್ದೆಯಿದ್ದು ಅದು ಬ್ರೇಕ್ ಆಯಿಲ್ ಎಂದು ತಿಳಿದರೆ, ಅಥವಾ ಯಾವುದೇ ಎಣ್ಣೆ ಡಿಸ್ಕ್ ಮತ್ತು ಪ್ಯಾಡ್‌ಗಳಿಗೆ ತಗುಲಿದ್ದರೆ, ಮುಂದಿನ ಪರೀಕ್ಷೆ ಯಾವುದೂ ಬೇಡ. ಗಾಡಿ ಓಡಿಸದೆ ಕಂಪನಿಯ ರೋಡ್‌ಸೈಡ್ ನೆರವಿಗೆ ಕರೆ ಮಾಡಿ, ಟೋ ಮಾಡಿಸಿ.

ಹೊಸ ಗಾಡಿಗಳಲ್ಲಿ ಕಾಣುವ ಎರಡು ಹುಸಿ ಸೋರಿಕೆಗಳನ್ನೂ ಹೇಳಿಬಿಡುತ್ತೇನೆ. ತುಕ್ಕು ಹಿಡಿಯದಿರಲಿ ಎಂದು ಅಡಿಭಾಗಕ್ಕೆ ಮೇಣದಂಥ ಲೇಪ ಹಚ್ಚಿರುತ್ತಾರೆ. ಎಂಜಿನ್ ಬಿಸಿಗೆ ಅದು ಕರಗಿ ಕಂದು ಹನಿಯಾಗಿ ಇಳಿಯಬಹುದು. ತಣಿದ ಮೇಲೆ ಅದು ಗಟ್ಟಿಯಾಗುತ್ತದೆ, ಗೇರ್ ಆಯಿಲ್ ಆಗುವುದಿಲ್ಲ. ಇನ್ನೊಂದು, ಸರ್ವಿಸ್‌ನಲ್ಲಿ ಆಯಿಲ್ ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಎಂಜಿನ್ ಆಯಿಲ್. ಅದು ಅಡಿಯ ಸ್ಕಿಡ್ ಪ್ಲೇಟ್ ಮೇಲೆ ಮಡುಗಟ್ಟಿ ಹಲವು ದಿನ ತೊಟ್ಟಿಕ್ಕುತ್ತದೆ. ಮುಂದಿನ ಡಿಫರೆನ್ಷಿಯಲ್ ಇರುವುದೇ ಎಂಜಿನ್ನಿನ ಅಡಿಯಲ್ಲಿ. ಹಾಗಾಗಿ ಮೇಲಿನಿಂದ ಬಿದ್ದ ಎಣ್ಣೆಗೂ ಆಕ್ಸಲ್ಲೇ ಅಪವಾದ ಹೊರುತ್ತದೆ. ಟಾರ್ಚ್ ಬೆಳಕನ್ನು ಆಕ್ಸಲ್ ಮೇಲಷ್ಟೇ ಅಲ್ಲ, ಅದರ ಮೇಲಿರುವ ಎಂಜಿನ್ ಸಂಪ್‌ನ ಕಡೆಗೂ ಬಿಡಿ.

ಒರೆಸಿ, ಪೌಡರ್ ಹಾಕಿ, ಓಡಿಸಿ

ಇದು ಇಡೀ ಪರೀಕ್ಷೆಯ ಹೃದಯ, ಇಲ್ಲಿ ಅವಸರ ಮಾಡಬೇಡಿ.

ಗಾಡಿಯ ಅಡಿಗೆ ಹೋಗುವ ಮೊದಲು ಸಮತಟ್ಟಾದ ಗಟ್ಟಿ ನೆಲ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ. ಈ ಗಾಡಿಗಳಿಗೆ ನೆಲದಿಂದ ಎತ್ತರ ಚೆನ್ನಾಗಿಯೇ ಇರುತ್ತದೆ: ಥಾರ್‌ಗೆ 226 ಮಿ.ಮೀ., ಜಿಮ್ನಿಗೆ 210 ಮಿ.ಮೀ. ಚಾಪೆ ಹಾಸಿ ಮಲಗಿದರೆ ಜಾಕ್ ಹಾಕದೆಯೇ ಬೇಕಾದಷ್ಟು ಕಾಣುತ್ತದೆ. ಗಾಡಿಯ ಜೊತೆ ಬಂದ ಜಾಕ್ ಇರುವುದು ಟೈರ್ ಬದಲಿಸಲು. ಅದರ ಮೇಲೆ ಎತ್ತಿದ ಗಾಡಿಯ ಅಡಿಗೆ ತೂರಬೇಡಿ. ಹಾಲೋಬ್ಲಾಕ್, ಇಟ್ಟಿಗೆ, ಜಂಬಿಟ್ಟಿಗೆ ಕೊಟ್ಟು ನಿಲ್ಲಿಸುವುದೂ ಬೇಡ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಎಣ್ಣೆಯ ಕೆಲಸಕ್ಕಾಗಿ ಜೀವ ಪಣಕ್ಕಿಡುವ ಅಗತ್ಯ ಯಾರಿಗೂ ಇಲ್ಲ.

ಮೊದಲು ಇದ್ದುದನ್ನು ಇದ್ದಂತೆ ಫೋಟೊ ತೆಗೆಯಿರಿ: ದೂರದಿಂದ ಒಂದು, ಹತ್ತಿರದಿಂದ ಒಂದು, ಓಡಿದ ಕಿಲೋಮೀಟರ್ ಕಾಣುವಂತೆ ಮೀಟರ್‌ನದ್ದೊಂದು. ಆಮೇಲೆ ಬನಿಯನ್ ವೇಸ್ಟ್ ಬಟ್ಟೆಯಿಂದ ಹಳೆಯ ಎಣ್ಣೆ ಪೂರ್ತಿ ಒರೆಸಿ. ಮೂಲೆಗಳಿಗೆ ಹಳೆಯ ಟೂತ್‌ಬ್ರಷ್ಷು, ಪಾತ್ರೆ ತೊಳೆಯುವ ಸೋಪಿನ ಬಿಸಿ ನೀರು ಸಾಕು. ಡೀಸೆಲ್ ಹಚ್ಚಿ ಒರೆಸುವ ಅಭ್ಯಾಸ ಗ್ಯಾರೇಜುಗಳಲ್ಲಿ ಇದೆ. ಈ ಕೆಲಸಕ್ಕೆ ಅದು ಆಗದು, ಏಕೆಂದರೆ ಡೀಸೆಲ್ ತಾನೇ ಎಣ್ಣೆಯ ಪದರ ಉಳಿಸುತ್ತದೆ. ಪೆಟ್ರೋಲ್ ಅಂತೂ ಮುಟ್ಟಲೇಬೇಡಿ. ಪ್ರೆಷರ್ ವಾಶರ್‌ನ ನೀರನ್ನು ಸೀಲ್‌ಗೆ, ಬ್ರೀದರ್‌ಗೆ ನೇರ ಹೊಡೆದರೆ ನೀರು ಒಳಗೆ ನುಗ್ಗಬಹುದು, ಅದೂ ಬೇಡ.

ಚೆನ್ನಾಗಿ ಒಣಗಿದ ಮೇಲೆ ಮಾಮೂಲಿ ಟಾಲ್ಕಂ ಪೌಡರನ್ನು ಅಂಗೈಗೆ ಹಾಕಿಕೊಂಡು ಅನುಮಾನವಿರುವ ಭಾಗಗಳಿಗೆ ಊದಿ: ಪಿನಿಯನ್ ಸೀಲಿನ ಸುತ್ತ, ಮುಚ್ಚಳದ ಪ್ಯಾಕಿಂಗ್ ಗೆರೆಗುಂಟ, ಎರಡೂ ಪ್ಲಗ್‌ಗಳ ಸುತ್ತ, ಶಾಫ್ಟ್ ಹೊರಬರುವ ಜಾಗದಲ್ಲಿ. ತೆಳುವಾಗಿ ಹರಡಿದರೆ ಸಾಕು. ಮೂವತ್ತು ಕಿಲೋಮೀಟರಿನಷ್ಟು ಓಡಿಸಿ ಬಂದು ಟಾರ್ಚ್ ಹಿಡಿಯಿರಿ. ಎಲ್ಲ ಕಡೆ ಪೌಡರ್ ಬಿಳಿಯಾಗಿಯೇ ಇದ್ದು, ಒಂದೆಡೆ ಮಾತ್ರ ಬೂದು ಬಣ್ಣದ ಸಣ್ಣ ಕಮಾನು ಮೂಡಿ ಅದರಿಂದ ದಾರದಷ್ಟು ಸಪೂರ ಗೆರೆ ಕೆಳಗಿಳಿದಿರುತ್ತದೆ. ಆ ಗೆರೆಯ ಮೇಲಿನ ತುದಿ ಎಲ್ಲಿದೆಯೋ ಅಲ್ಲಿಂದಲೇ ಎಣ್ಣೆ ಬರುತ್ತಿದೆ. ಪೂರ್ತಿ ಒದ್ದೆಯಾಗಿ ಹರಡುವ ಮುನ್ನ ಅದನ್ನು ಹಿಡಿಯಬೇಕು, ಆದ್ದರಿಂದ ದೂರ ಓಡಿಸುವುದಕ್ಕಿಂತ ಹತ್ತಿರದ ಓಟದ ನಂತರ ನೋಡುವುದು ಒಳ್ಳೆಯದು.

ಇಲ್ಲೊಂದು ಸೂಕ್ಷ್ಮ ಇದೆ. ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಗಾಡಿಗಳಲ್ಲಿ ಟೂ ವೀಲ್‌ನಲ್ಲಿ ಓಡುವಾಗ ಮುಂದಿನ ಆಕ್ಸಲ್ ಮೇಲೆ ಎಂಜಿನ್ನಿನ ಬಲ ಬೀಳುವುದಿಲ್ಲ. ಚಕ್ರವನ್ನು ಬೇರ್ಪಡಿಸುವ ವ್ಯವಸ್ಥೆ ಇರುವ ಕೆಲವು ಗಾಡಿಗಳಲ್ಲಿ ಪಿನಿಯನ್ ತಿರುಗುವುದೇ ಇಲ್ಲ. ಹೀಗಾಗಿ ಟಾರು ರಸ್ತೆಯ ಓಟದಲ್ಲಿ ಏನೂ ಕಾಣದೆ, ತೋಟದ ದಾರಿಗೆ ಇಳಿದ ದಿನ ಮಾತ್ರ ಸೋರಬಹುದು. ಮೊದಲ ಓಟದಲ್ಲಿ ಪೌಡರ್ ಒಣಗಿಯೇ ಇದ್ದರೆ ಮಣ್ಣು ಅಥವಾ ಜಲ್ಲಿಯ ದಾರಿಯಲ್ಲಿ ಫೋರ್ ಹೈ ಹಾಕಿ ಸ್ವಲ್ಪ ಓಡಿಸಿ ಮತ್ತೆ ನೋಡಿ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಬಾರದು. ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸಕ್ಕೆ ಜಾಗವಿಲ್ಲದೆ ಗೇರುಗಳು ತಿರುಚಿಕೊಳ್ಳುತ್ತವೆ.

ಕಂಡದ್ದರ ಅರ್ಥ

ಪ್ಲಗ್‌ನ ಸುತ್ತ ಮಾತ್ರ ಒದ್ದೆಯಿದ್ದರೆ ನೀವು ಅದೃಷ್ಟವಂತರು. ವಾಷರ್ ಬದಲಿಸಿ, ಕಂಪನಿ ಹೇಳಿದ ಅಳತೆಗೆ ಬಿಗಿದರೆ ಮುಗಿಯಿತು. ಮುಚ್ಚಳದ ಗೆರೆಯಲ್ಲಿ ಜಿನುಗಿದರೆ ಪ್ಯಾಕಿಂಗ್ ಅಥವಾ ಅಲ್ಲಿ ಹಚ್ಚಿದ ಸೀಲಂಟ್ ಸರಿಯಾಗಿ ಕೂತಿಲ್ಲ.

ಪಿನಿಯನ್ ಸೀಲ್ ಸೋರಿದರೆ ಎಣ್ಣೆ ಕೆಳಗೆ ಹರಿಯುವುದಕ್ಕಿಂತ ಹೆಚ್ಚಾಗಿ ಸಿಡಿದಿರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸಮತಲದಲ್ಲೇ ಮೇಲಿನ ಬಾಡಿಗೆ, ಅಕ್ಕಪಕ್ಕದ ಪೈಪುಗಳಿಗೆ ಪಟ್ಟಿಯಂತೆ ಸಿಂಪಡಿಸಿದ ಗುರುತು ಸಿಗುತ್ತದೆ. ಅಲ್ಲಿರುವ ದೊಡ್ಡ ನಟ್ಟನ್ನು ಬಿಗಿ ಮಾಡಿದರೆ ಲೀಕ್ ನಿಲ್ಲುತ್ತದೆ ಎಂದು ಹೇಳುವ ಮೆಕ್ಯಾನಿಕ್‌ಗಳಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಆ ನಟ್ಟಿನ ಬಿಗಿಯಿಂದಲೇ ಒಳಗಿನ ಬೇರಿಂಗ್‌ಗಳ ಪ್ರೀಲೋಡ್ ನಿರ್ಧಾರವಾಗುತ್ತದೆ. ಅಂದಾಜಿಗೆ ಕಾಲು ಸುತ್ತು ಹೆಚ್ಚಾದರೂ ಬೇರಿಂಗ್ ಬಿಸಿಯಾಗಿ ಹಾಳಾಗುತ್ತದೆ, ಸಣ್ಣ ಖರ್ಚಿನ ಸೀಲಿನ ಕೆಲಸ ಡಿಫರೆನ್ಷಿಯಲ್ ಬಿಚ್ಚುವ ಕೆಲಸವಾಗುತ್ತದೆ.

ಚಕ್ರದ ರಿಮ್ಮಿನ ಒಳಬದಿಗೆ, ಸಸ್ಪೆನ್ಷನ್ ತೋಳುಗಳಿಗೆ ಕಪ್ಪು ಗ್ರೀಸ್ ಚಿಮ್ಮಿದ್ದರೆ ಅದು ಬೂಟ್‌ನ ತೊಂದರೆ, ಆಯಿಲ್ ಸೀಲಿನದ್ದಲ್ಲ. ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ಸೀಳು ಇಲ್ಲದಿದ್ದರೆ ಅದರ ಕ್ಲ್ಯಾಂಪ್ ಸಡಿಲವಿರಬಹುದು. ಕಾಡುದಾರಿಯ ಒಂದು ಮೊನಚು ಕಡ್ಡಿ ಸಾಕು, ಹೊಸ ಬೂಟ್ ತೂತಾಗಲು. ಹಾಗೇ ಓಡಿಸುತ್ತ ಹೋದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಬರುವ ಹೊತ್ತಿಗೆ ಜಾಯಿಂಟೇ ಸವೆದಿರುತ್ತದೆ.

ರಿಜಿಡ್ ಆಕ್ಸಲ್‌ನ ನಕಲ್ ಗೋಳದ ಮೇಲೆ ಗ್ರೀಸಿನ ತೆಳುವಾದ ಪದರ ಇರುವುದು ಸಹಜ. ಸುತ್ತಲಿನ ಸೀಲ್ ಅದನ್ನು ಒರೆಸುತ್ತ ಓಡಾಡುತ್ತದೆ, ಒಂದಿಷ್ಟು ಉಳಿಯುತ್ತದೆ. ಇದನ್ನೇ ಲೀಕ್ ಎಂದು ದೂರು ಕೊಟ್ಟರೆ ಸರ್ವಿಸ್‌ನವರು ಒಪ್ಪುವುದಿಲ್ಲ, ಅವರು ಹೇಳುವುದು ಸರಿಯೂ ಹೌದು. ಆದರೆ ಗ್ರೀಸ್ ನೀರಾಗಿ, ಗಂಧಕದ ಘಾಟಿನೊಡನೆ ಗೋಳದ ಅಡಿಯಿಂದ ಇಳಿಯುತ್ತಿದ್ದರೆ ಕಥೆ ಬೇರೆ. ಆಕ್ಸಲ್ ಕೊಳವೆಯ ಒಳಸೀಲ್ ಬಿಟ್ಟುಕೊಟ್ಟು ಡಿಫರೆನ್ಷಿಯಲ್‌ನ ಎಣ್ಣೆ ನಕಲ್‌ಗೆ ಬಂದು ಗ್ರೀಸನ್ನು ಕರಗಿಸುತ್ತಿದೆ. ಹೊರಗಿನ ಸೀಲ್ ಮಾತ್ರ ಬದಲಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಪಾಡು. ಕೆಲಸ ಒಪ್ಪಿಸುವಾಗ ಒಳಸೀಲಿನ ಮಾತು ಎತ್ತಲೇಬೇಕು.

ಶಾಫ್ಟ್ ಸೀಲಿನ ಬಳಿ ಇನ್ನೊಂದನ್ನು ಹುಡುಕಿ: ದಾರ. ಮಲೆನಾಡಿನ ತೋಟಗಳಲ್ಲಿ ಓಡುವ ಗಾಡಿಗಳ ಶಾಫ್ಟಿಗೆ ನೈಲಾನ್ ಹಗ್ಗದ ಎಳೆ, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಬೇಲಿ ತಂತಿಯ ತುಂಡು ಸುತ್ತಿಕೊಳ್ಳುವುದು ಮಾಮೂಲು. ತಿರುಗಿದಂತೆಲ್ಲ ಅದು ಬಿಗಿಯಾಗುತ್ತ ಸೀಲಿನ ತುಟಿಯೊಳಗೆ ಇಳಿದು ರಬ್ಬರನ್ನು ಕೊಯ್ಯುತ್ತದೆ. ಹೊರಗಿನಿಂದ ನೋಡಿದರೆ ಕೆಸರು ಮೆತ್ತಿದ ಉಂಗುರದಂತಷ್ಟೇ ಕಾಣುತ್ತದೆ. ಇದು ತಯಾರಿಕೆಯ ದೋಷವಲ್ಲ, ವಾರಂಟಿಗೆ ಬರುವುದೂ ಕಷ್ಟ. ಪ್ರತಿ ಸಲ ಕೆಸರಿನಿಂದ ಹೊರಬಂದ ಮೇಲೆ ಒಂದು ನಿಮಿಷ ಬಗ್ಗಿ ನೋಡಿದರೆ ತಪ್ಪುತ್ತದೆ.

ಬ್ರೀದರ್ ನೋಡದೆ ಸೀಲ್ ಬದಲಿಸಬೇಡಿ

ಅತಿ ಹೆಚ್ಚು ಮಂದಿ ಮರೆಯುವುದು ಇದನ್ನೇ. ಆಕ್ಸಲ್ ಓಡಿದಾಗ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. 25 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ, ಹೊರಹೋಗಲು ದಾರಿಯಿಲ್ಲದ ಗಾಳಿಯ ಒತ್ತಡ ಶೇ 18ರಷ್ಟು ಹೆಚ್ಚುತ್ತದೆ. ಆ ದಾರಿಯೇ ಬ್ರೀದರ್. ಹೌಸಿಂಗ್‌ನ ನೆತ್ತಿಯ ಮೇಲೆ ಪುಟ್ಟ ಲೋಹದ ಟೋಪಿಯಾಗಿಯೋ, ಮೇಲಕ್ಕೆ ಹೋಗುವ ಸಪೂರ ಹೋಸ್ ಆಗಿಯೋ ಇರುತ್ತದೆ. ಅದಕ್ಕೆ ಕೆಸರು ಮೆತ್ತಿ ಒಣಗಿದರೆ, ಅಥವಾ ಹೋಸ್ ಮಡಚಿ ಸಿಕ್ಕಿಕೊಂಡಿದ್ದರೆ, ಗಾಳಿ ಎಣ್ಣೆಯನ್ನು ತಳ್ಳಿಕೊಂಡು ಎಲ್ಲಕ್ಕಿಂತ ದುರ್ಬಲವಾದ ಸೀಲಿನಿಂದ ಹೊರಬರುತ್ತದೆ. ಆಗ ಸೀಲ್ ಒಳ್ಳೆಯದೇ ಇದ್ದರೂ ಸೋರುತ್ತದೆ, ಹೊಸದು ಹಾಕಿದರೂ ಸೋರುತ್ತದೆ. ಎಡ, ಬಲ, ಪಿನಿಯನ್ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೇ ಜಿನುಗು ಕಂಡರೆ ಮೊದಲ ಅನುಮಾನ ಬ್ರೀದರ್ ಮೇಲೆ ಇರಲಿ. ಟೋಪಿ ಬಗೆಯದಾದರೆ ಬೆರಳಲ್ಲಿ ಅಲ್ಲಾಡಿಸಿದಾಗ ಸಲೀಸಾಗಿ ಆಡಬೇಕು. ಹೋಸ್ ಆದರೆ ಬುಡದಿಂದ ತುದಿಯವರೆಗೆ ಕೈಯಾಡಿಸಿ.

ಬ್ರೀದರ್‌ನಿಂದಲೇ ಎಣ್ಣೆ ಉಗುಳಿದ್ದರೆ ಆಯಿಲ್ ಅಗತ್ಯಕ್ಕಿಂತ ಹೆಚ್ಚು ತುಂಬಿರಬಹುದು. ಹೊಸ ಗಾಡಿಯಲ್ಲಿ ಇದೂ ಸಾಧ್ಯ.

ನೀರಿನ ಸಂಗತಿಯೂ ಇದಕ್ಕೇ ಸೇರಿದ್ದು. ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಥಾರ್‌ಗೆ ಕಂಪನಿ ಹೇಳುವ ನೀರಿನ ಆಳದ ಮಿತಿ 650 ಮಿ.ಮೀ. ಅಷ್ಟು ಆಳಕ್ಕೆ ಇಳಿಯುವ ಮುನ್ನ ಹತ್ತು ನಿಮಿಷ ನಿಲ್ಲಿಸಿ ತಣಿಯಲು ಬಿಡುವುದು ಒಳ್ಳೆಯದು. ಸೋರಿದ ಎಣ್ಣೆ ಹಾಲು ಹೆಚ್ಚಾದ ಕಾಫಿಯಂತೆ ಬೆಳ್ಳಗೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಆ ಎಣ್ಣೆ ಗೇರಿನ ಹಲ್ಲನ್ನು ಕಾಪಾಡುವುದಿಲ್ಲ, ಅದನ್ನು ಪೂರ್ತಿ ಇಳಿಸಿ ಹೊಸದು ತುಂಬಬೇಕು.

ಎಷ್ಟು ಸೋರಿದರೆ ಅಪಾಯ?

ಸೀಲಿನ ಸುತ್ತ ಧೂಳು ಅಂಟುವಷ್ಟು ತೇವವಿದ್ದು ಹನಿ ಕಟ್ಟದಿದ್ದರೆ ಫೋಟೊ ಇಟ್ಟುಕೊಂಡು ಮುಂದಿನ ಸರ್ವಿಸ್‌ವರೆಗೆ ಕಾಯಬಹುದು. ಹನಿ ಕಟ್ಟಿ ಬೀಳುತ್ತಿದ್ದರೆ ಅದೇ ವಾರ ತೋರಿಸಿ. ಸುಮಾರು ಇಪ್ಪತ್ತು ಹನಿ ಸೇರಿದರೆ ಒಂದು ಮಿಲಿ ಲೀಟರ್. ಮುಂದಿನ ಆಕ್ಸಲ್‌ನಲ್ಲಿ ಬಹುತೇಕ ಒಂದರಿಂದ ಎರಡು ಲೀಟರ್ ಎಣ್ಣೆ ಇರುತ್ತದೆ. ಈ ಲೆಕ್ಕ ನೋಡಿ ನಿರಾಳರಾಗಬೇಡಿ. ನಿಂತಾಗ ಬೀಳುವುದು ಅಲ್ಪ, ಓಡುವಾಗ ಬಿಸಿಗೆ ತೆಳುವಾಗಿ, ಗೇರು ಎತ್ತಿ ಎರಚುವ ರಭಸಕ್ಕೆ ಹೋಗುವುದು ಅದಕ್ಕಿಂತ ಬಹಳ ಹೆಚ್ಚು. ಅದು ರಟ್ಟಿನ ಮೇಲೆ ಲೆಕ್ಕಕ್ಕೆ ಸಿಗುವುದಿಲ್ಲ. ಸಾಲಾಗಿ ಹನಿಯುತ್ತಿದ್ದರೆ, ಅಥವಾ ಮುಂಭಾಗದಿಂದ ಗೊಂಯ್ ಎನ್ನುವ ಹೊಸ ಸದ್ದು ವೇಗದೊಡನೆ ಏರುತ್ತಿದ್ದರೆ, ಗಾಡಿ ಓಡಿಸಬೇಡಿ.

ಎಣ್ಣೆಯ ಮಟ್ಟ ನೋಡುವ ಕ್ರಮ ಸರಳ: ಸಮತಟ್ಟು ನೆಲ, ತಣಿದ ಆಕ್ಸಲ್, ತುಂಬುವ ಪ್ಲಗ್ ಬಿಚ್ಚಿದರೆ ರಂಧ್ರದ ಕೆಳಅಂಚಿನವರೆಗೆ ಎಣ್ಣೆ ಇರಬೇಕು. ವಾರಂಟಿಯಲ್ಲಿರುವ ಗಾಡಿಯಲ್ಲಿ ಇದನ್ನು ನೀವು ಬಿಚ್ಚದೆ, ಸರ್ವಿಸ್ ಸೆಂಟರ್‌ನಲ್ಲಿ ನಿಮ್ಮೆದುರೇ ಬಿಚ್ಚಿಸಿ. ಇಳಿಸುವ ಪ್ಲಗ್‌ನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪುಡಿ ಅಂಟಿದ್ದರೆ ಹೊಸ ಗೇರು ಪಳಗುತ್ತಿರುವುದರ ಗುರುತು. ಉಗುರಿಗೆ ಸಿಗುವಂಥ ಚೂರುಗಳಿದ್ದರೆ ಮಾತ್ರ ಒಳಗೆ ಏನೋ ಮುರಿದಿದೆ.

ಸರ್ವಿಸ್ ಸೆಂಟರ್‌ನಲ್ಲಿ

ಗಾಡಿ ಒಳಗೆ ಹೋದ ಕೂಡಲೇ ವಾಶಿಂಗ್‌ಗೆ ಕಳಿಸುವುದು ಹಲವೆಡೆ ವಾಡಿಕೆ. “ಲಿಫ್ಟ್ ಮೇಲೆ ಎತ್ತಿ ನೋಡುವವರೆಗೆ ವಾಶ್ ಮಾಡಬೇಡಿ” ಎಂದು ಅಡ್ವೈಸರ್‌ಗೆ ಹೇಳಿ, ಅದನ್ನು ಜಾಬ್ ಕಾರ್ಡಿನಲ್ಲೂ ಬರೆಸಿ. ದೂರನ್ನು “ಆಯಿಲ್ ಲೀಕ್” ಎಂದಷ್ಟೇ ಬರೆಸಬೇಡಿ. “ಮುಂದಿನ ಡಿಫರೆನ್ಷಿಯಲ್, ಎಡ ಶಾಫ್ಟ್ ಸೀಲ್ ಬಳಿ ಗೇರ್ ಆಯಿಲ್, ಒರೆಸಿ 30 ಕಿ.ಮೀ. ಓಡಿಸಿದ ಮೇಲೆ ಮತ್ತೆ ಕಂಡಿದೆ” ಎಂಬಷ್ಟು ಸ್ಪಷ್ಟವಿರಲಿ. “ಹೊಸ ಗಾಡಿಯಲ್ಲಿ ಇದೆಲ್ಲ ಮಾಮೂಲು ಸರ್” ಎಂಬ ಉತ್ತರ ಬಂದರೆ ವಾದಕ್ಕಿಳಿಯದೆ, ಆ ಮಾತನ್ನೇ ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಮಾಡಿಕೊಡಲು ಕೇಳಿ. ವಾರಂಟಿ ಮುಗಿಯುವ ಮುನ್ನ ದಾಖಲಾದ ದೂರಿಗೆ ಆಮೇಲೂ ಬೆಲೆ ಇರುತ್ತದೆ. ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸುವ ಆಸೆ ಇದ್ದರೆ ಈ ತಕರಾರು ಇತ್ಯರ್ಥವಾಗುವವರೆಗೆ ತಡೆಯಿರಿ. ಗಾಡಿ ಎತ್ತರಿಸಿದರೆ ಶಾಫ್ಟಿನ ಕೋನ ಬದಲಾಗುತ್ತದೆ, ಸೀಲ್ ಹೋದದ್ದಕ್ಕೆ ಅದೇ ಕಾರಣ ಎಂದು ಕೈತೊಳೆದುಕೊಳ್ಳಲು ಅವಕಾಶವಾಗುತ್ತದೆ.

ಮೂರು ನಾಲ್ಕು ಸಲ ಹೋದರೂ ಪರಿಹಾರ ಸಿಗದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಫೋಟೊ, ಜಾಬ್ ಕಾರ್ಡ್ ಸಮೇತ ಇಮೇಲ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು.

ರಿಪೇರಿ ಆದ ಮೇಲೆ ಯಾವ ಸೀಲ್ ಬದಲಾಯಿತು, ಬ್ರೀದರ್ ನೋಡಿದರೇ, ಯಾವ ಗ್ರೇಡಿನ ಎಣ್ಣೆ ಎಷ್ಟು ತುಂಬಿದರು ಎಂಬುದು ಬಿಲ್ಲಿನಲ್ಲಿರಲಿ. ಗಾಡಿಯನ್ನು ಅಲ್ಲೇ ಲಿಫ್ಟ್ ಮೇಲೆ ನೋಡಿ, ಹಳೆಯ ಎಣ್ಣೆಯೆಲ್ಲ ಒರೆಸಿದ್ದಾರೆಯೇ ಖಚಿತಪಡಿಸಿಕೊಳ್ಳಿ. ಉಳಿದುಹೋದ ಎಣ್ಣೆ ವಾರವಿಡೀ ತೊಟ್ಟಿಕ್ಕಿ, ಕೆಲಸ ಸರಿಯಾಗಿಲ್ಲವೆಂದು ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಮನೆಗೆ ಬಂದು ಮತ್ತೆ ಪೌಡರ್ ಹಾಕಿ, ಮೊದಲ ದಿನ ಒಮ್ಮೆ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಿ. ಎರಡನೆಯದನ್ನು ಫೋರ್ ವೀಲ್ ಹಾಕಿ ಓಡಿಸಿದ ದಿನವೇ ಮಾಡಿ.